ಒಂದೇ ಕಥೆ, ಎರಡು ಭಾಷೆ

ಸಾದಲಿ ಕಡೆ ಎಷ್ಟೋ ಮಂದಿಗೆ ಮನೇಲಿ ತೆಲುಗು, ಶಾಲೇಲಿ ಕನ್ನಡ. ದೊಡ್ಡ ಫೈಟಿನ ಸಿನಿಮಾ ಅಂದ್ರೆ ಗಡಿಯಾಚೆಯಿಂದ ಬರಬೇಕು ಅನ್ನೋದು ನಮ್ಮಲ್ಲಿ ರೂಢಿ. ಹಾಗಾಗಿ ಪ್ರಶಾಂತ್ ನೀಲ್ ಅವರ ಹತ್ತು ವರ್ಷಗಳನ್ನು ನಾನು ನೋಡೋದು ಗಡಿಯ ಲೆಕ್ಕದಲ್ಲಿ. ಅವರ ಮನೆತನದ ಊರು ನೀಲಕಂಠಾಪುರ ಕೂಡ ಆಂಧ್ರದ ಮಡಕಶಿರಾ ಸೀಮೆಯದ್ದೇ.

ಮೊದಲ ಚಿತ್ರ ‘ಉಗ್ರಂ’ ಬಂದಿದ್ದು 2014ರಲ್ಲಿ. ಶ್ರೀಮುರಳಿಗೆ ಮರುಹುಟ್ಟು ಕೊಟ್ಟಿತು, ಆದರೆ ಅದರ ಸದ್ದು ಹೆಚ್ಚುಕಡಿಮೆ ಕರ್ನಾಟಕದೊಳಗೇ ಉಳೀತು. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಐದು ಭಾಷೆಗಳಲ್ಲಿ ಒಟ್ಟಿಗೆ ತೆರೆಕಂಡಿತು. ಸಾದಲಿಯೂ 2007ರವರೆಗೆ ಸೇರಿದ್ದ ಕೋಲಾರ ಜಿಲ್ಲೆಯ ಗಣಿ ಅದು. 2001ರಲ್ಲಿ ಮುಚ್ಚಿದ್ದ ಆ ಗಣಿಯ ಹೆಸರು ದೇಶದ ಬಾಯಲ್ಲಿ ಓಡಾಡಿತು. 2022ರ ಎರಡನೇ ಭಾಗ ಹಿಂದಿಯೊಂದರಲ್ಲೇ 400 ಕೋಟಿ ದಾಟಿತು.

ಮರುವರ್ಷ ‘ಸಲಾರ್’. ಇದರ ಬೇರು ‘ಉಗ್ರಂ’ ಕಥೆ ಅಂತ ನೀಲ್ ಅವರೇ ಒಪ್ಪಿಕೊಂಡಿದ್ದಾರೆ. ಹಣ ಹಾಕಿದ್ದು ಬೆಂಗಳೂರಿನ ಹೊಂಬಾಳೆ, ಕ್ಯಾಮೆರಾ ಭುವನ್ ಗೌಡ, ಸಂಗೀತ ರವಿ ಬಸ್ರೂರು. ಆದರೆ ನಾಯಕ ಪ್ರಭಾಸ್, ಮೂಲ ಭಾಷೆ ತೆಲುಗು. ಕನ್ನಡದಲ್ಲೇ ಹುಟ್ಟಿದ ಕಥೆ ಕನ್ನಡಕ್ಕೆ ಡಬ್ ಆಗಿ ವಾಪಸ್ ಬಂತು.

ಕನ್ನಡದಲ್ಲಿ ಮಾಡಿದ್ರೆ ಓಡಲ್ಲ ಅನ್ನೋ ಮಾತನ್ನ ‘ಕೆಜಿಎಫ್’ ಆಗಲೇ ಸುಳ್ಳು ಮಾಡಿತ್ತು. ನಿರ್ದೇಶಕ ದೊಡ್ಡ ಮಾರುಕಟ್ಟೆಗೆ ಹೋದರೆ ತಪ್ಪೇನಿಲ್ಲ, ನಾವೂ ಒಳ್ಳೆ ಆಫರ್ ಬಂದ್ರೆ ಕಂಪನಿ ಬದಲಾಯಿಸೋರೇ. ಆದರೆ ನಾಳೆ ‘ಉಗ್ರಂ’ ಥರದ ಕಥೆ ಹಿಡಿದು ಬರೋ ಹೊಸಬನಿಗೆ ಅದೇ ಬಜೆಟ್ಟು ಕನ್ನಡದಲ್ಲೇ ಸಿಗುತ್ತಾ? ನೀಲ್ ತೆರೆದ ದಾರಿಯ ಬೆಲೆ ಗೊತ್ತಾಗೋದು ಆಗಲೇ.