ವಿಕ್ಟೋರಿಯಾ ಕಾಲದ ಮನೆಗಳ ಮೊದಲ ಬಣ್ಣ

ಸ್ಯಾನ್ ಫ್ರಾನ್ಸಿಸ್ಕೊದ ಅಲಾಮೊ ಚೌಕದ ಎದುರು 1890ರ ದಶಕದಲ್ಲಿ ಎದ್ದ ಮರದ ಮನೆಗಳ ಸಾಲನ್ನು ಕಂಡವರು, ಆ ಬಹುವರ್ಣದ ಅಲಂಕಾರವೇ ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಅಭಿರುಚಿಯೆಂದು ಭಾವಿಸುವುದುಂಟು. ವಾಸ್ತವದಲ್ಲಿ ಆ ವರ್ಣವೈಭವ ಮೊದಲಾದದ್ದು 1960ರ ದಶಕದಲ್ಲಿ. 1963ರಲ್ಲಿ ಬುಚ್ ಕಾರ್ಡಮ್ ಎಂಬ ಕಲಾವಿದ ತನ್ನ ಮನೆಯ ಹೊರಗೋಡೆಗೆ ಗಾಢವಾದ ನೀಲಿ, ಹಸಿರುಗಳನ್ನು ಬಳಿದ ಮೇಲೆ ಅದು ಬೀದಿಯಿಂದ ಬೀದಿಗೆ ಹರಡಿತು, 1978ರಲ್ಲಿ ಪ್ರಕಟವಾದ ಪುಸ್ತಕವೊಂದು ಇಂಥ ಮನೆಗಳಿಗೆ ‘ಪೇಂಟೆಡ್ ಲೇಡೀಸ್’ ಎಂಬ ಹೆಸರನ್ನೂ ಅಂಟಿಸಿತು.

ಮೂಲದ ಅಭಿರುಚಿ ಬೇರೆಯೇ ಆಗಿತ್ತು. ಆಂಡ್ರ್ಯೂ ಜಾಕ್ಸನ್ ಡೌನಿಂಗ್ 1842ರ ತನ್ನ ಗೃಹವಿನ್ಯಾಸ ಗ್ರಂಥದಲ್ಲಿ, ಹಸಿರಿನ ನಡುವೆ ಕಣ್ಣು ಕುಕ್ಕುವ ಬಿಳಿಯನ್ನು ಖಂಡಿಸಿ, ಮಣ್ಣು, ಕಲ್ಲು, ಒಣಹುಲ್ಲುಗಳ ಮಾಸಲು ಛಾಯೆಗಳನ್ನು ಸೂಚಿಸಿದನು. ಆಗ ಬಣ್ಣಗಾರರು ಸೀಸದ ಬಿಳಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ, ವರ್ಣದ್ರವ್ಯ ಬೆರೆಸಿ ಕೆಲಸದ ಸ್ಥಳದಲ್ಲೇ ಬಣ್ಣ ಸಿದ್ಧಪಡಿಸುತ್ತಿದ್ದರು. ಅಮೆರಿಕದ ಅಂತರ್ಯುದ್ಧದ ನಂತರ ಕಾರ್ಖಾನೆಯಲ್ಲೇ ಬೆರೆಸಿದ ಬಣ್ಣ ಡಬ್ಬಿಗಳಲ್ಲಿ ರೈಲಿನ ಮೂಲಕ ಊರೂರು ತಲುಪತೊಡಗಿದಾಗ, 1870 ಮತ್ತು 80ರ ದಶಕಗಳಲ್ಲಿ ಕಡು ಆಲಿವ್, ಇಟ್ಟಿಗೆಗೆಂಪು, ಕಂದು, ಗೋಪಿ ಬಣ್ಣಗಳು ಮೇಲುಗೈ ಪಡೆದವು. ಗೋಡೆಗೊಂದು, ಚೌಕಟ್ಟು ಮತ್ತು ಅಂಚುಪಟ್ಟಿಗಳಿಗೆ ಮತ್ತೊಂದು, ಕಿಟಕಿಯ ಗಾಜು ಹಿಡಿದ ಕದಗಳಿಗೆ ಬಹುತೇಕ ಎಲ್ಲಕ್ಕಿಂತ ಕಡುವಾದ ಇನ್ನೊಂದು ಎಂಬುದು ಆ ಕಾಲದ ವಾಡಿಕೆ. ಶತಮಾನದ ಕೊನೆಗೆ ವಸಾಹತು ಕಾಲದ ವಾಸ್ತುಶೈಲಿಯ ಮೋಹ ಮರಳಿದೊಡನೆ ಬಿಳಿಯೂ ಮರಳಿ ಇವೆಲ್ಲವನ್ನೂ ಮುಚ್ಚಿತು.

ಮುಚ್ಚಿಹೋದದ್ದನ್ನು ಹುಡುಕುವ ಸಂರಕ್ಷಣಾತಜ್ಞರು ಮೊದಲು ನೋಡುವುದು ಬಿಸಿಲುಮಳೆ ತಾಗದ ಸೂರಿನಡಿಯನ್ನು, ಕೀಲುಗಳ ಮರೆಯನ್ನು. ಅಲ್ಲಿ ಸಣ್ಣ ಕುಳಿಯೊಂದನ್ನು ಕೊರೆದು ಅಂಚನ್ನು ಉಜ್ಜಿದರೆ, ಕಡಿದ ಮರದ ಬಳೆಗಳಂತೆ ಪದರಗಳು ಒಂದರ ಸುತ್ತ ಒಂದು ತೆರೆದುಕೊಳ್ಳುತ್ತವೆ. ಆದರೆ ಎಲ್ಲಕ್ಕಿಂತ ಒಳಗಿನ ಪದರವೇ ಮೊದಲ ಬಣ್ಣವೆಂಬ ತೀರ್ಮಾನ ಅವಸರದ್ದು, ಏಕೆಂದರೆ ಅದು ಕೇವಲ ಪ್ರೈಮರ್, ಎಂದರೆ ಮರಕ್ಕೆ ಮೊದಲು ಹಚ್ಚುವ ತಳಲೇಪ, ಆಗಿರಬಹುದು. ಬಣ್ಣದ ಚೂರನ್ನು ಅಡ್ಡಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಯಾವ ಪದರದ ಮೇಲೆ ಧೂಳು, ಮಸಿಯ ಗೆರೆ ಕಾಣುತ್ತದೆಯೋ ಅದೇ ಬೀದಿಗೆ ಕಂಡ ಬಣ್ಣ. ಬೆಳಕು ಕಾಣದ ಅಗಸೆ ಎಣ್ಣೆ ಹಳದಿಗಟ್ಟುವುದರಿಂದ ಹಳೆಯ ನೀಲಿ ಹಸಿರಾಗಿ ತೋರುತ್ತದೆ. ಇದನ್ನು ಸರಿಪಡಿಸಲು ಮಾದರಿಯನ್ನು ಕೆಲಕಾಲ ಬೆಳಕಿಗೊಡ್ಡಿ, ಬಳಿಕ ಮನ್ಸೆಲ್ ಪದ್ಧತಿಯಲ್ಲಿ, ಅಂದರೆ ವರ್ಣ, ಹೊಳಪು, ಸಾಂದ್ರತೆಗಳನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮದಲ್ಲಿ, ದಾಖಲಿಸುತ್ತಾರೆ. ಹಳೆಯ ಛಾಯಾಚಿತ್ರಗಳೂ ನೆರವಾಗುತ್ತವೆ, ಆದರೆ ಅಂದಿನ ಫಲಕಗಳು ಹೆಚ್ಚಾಗಿ ನೀಲಿ ಬೆಳಕಿಗೇ ಸ್ಪಂದಿಸುತ್ತಿದ್ದುದರಿಂದ ಅವುಗಳಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಾಗಿಯೂ ಮೂಡಿರುತ್ತದೆ.

ಇಷ್ಟಾದರೂ ಆಯ್ಕೆಯ ಪ್ರಶ್ನೆಗೆ ಪ್ರಯೋಗಾಲಯ ಉತ್ತರಿಸದು. ಹತ್ತು ವರ್ಷ ತಡವಾಗಿ ಸೇರಿಸಿದ ಜಗಲಿಯ ಮೇಲೆ ಮನೆಯ ಮೊದಲ ಬಣ್ಣ ಎಂದೂ ಇರಲಿಲ್ಲ. ಇಡೀ ಮನೆಗೆ ಅದನ್ನೇ ಬಳಿದರೆ ಯಾರೂ ಎಂದೂ ನೋಡದ ಕಟ್ಟಡವೊಂದು ಎದ್ದು ನಿಲ್ಲುತ್ತದೆ. 1960ರ ದಶಕದ ಗಾಢ ನೀಲಿಗೂ ಈಗ ಅರ್ಧ ಶತಮಾನ ಮೀರಿದ ವಯಸ್ಸಾಗಿರುವುದರಿಂದ, ಅದನ್ನು ಕೇವಲ ವಿಕಾರವೆಂದು ಕೆರೆದುಹಾಕುವುದು ಇತಿಹಾಸಕಾರನಿಗೆ ಒಪ್ಪಿಗೆಯಾಗುವ ಮಾತಲ್ಲ. ಅಮೆರಿಕದಲ್ಲಿ 1978ರಲ್ಲಿ ಮನೆಬಳಕೆಗೆ ನಿಷೇಧಿಸಲಾದ ಸೀಸದ ಬಣ್ಣವು ಹಳೆಯ ಪದರಗಳಲ್ಲಿ ಉಳಿದಿರುವುದರಿಂದ, ಪೂರ್ತಿ ಕೆರೆಯುವ ಕೆಲಸ ಆರೋಗ್ಯಕ್ಕೂ ಅಪಾಯ. ಆದಕಾರಣ ಎಚ್ಚರವುಳ್ಳ ತಜ್ಞರು ಕಿತ್ತುಬಂದ ಭಾಗವನ್ನಷ್ಟೇ ತೆಗೆದು, ಎಲ್ಲ ಪದರಗಳೂ ಉಳಿದಿರುವ ಒಂದು ತುಂಡು ಜಾಗವನ್ನು ಗುರುತಿಸಿಟ್ಟು, ಅದನ್ನು ಕೆರೆಯದೆ ಅದರ ಮೇಲೆಯೇ ಹೊಸ ಬಣ್ಣ ಬಳಿಸುತ್ತಾರೆ.