ಗಾಜಿನ ಕಡಲು ಮತ್ತು ಬಂಧದೋಷ

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ಎಂದರೆ ಜೀವಿಯ ಸ್ವೇಚ್ಛಾಸಂಚಾರವನ್ನು ತಡೆಯುವುದು. ಕೊಲ್ಲದೆ, ಹೊಡೆಯದೆ, ಹೊತ್ತುಹೊತ್ತಿಗೆ ಆಹಾರವಿತ್ತು ಸಾಕಿದರೂ ಈ ದೋಷ ಉಳಿಯಬಹುದು. ಮನೆಯೊಳಗೆ ಕಡಲಜೀವಿಗಳನ್ನು ಸಾಕುವ ಹವ್ಯಾಸದ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

೧೮೪೬ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಟಾರ್ಕೀ ತೀರದಿಂದ ಹವಳಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದಳು. ನೀರಿಗೆ ಗಾಳಿ ಬೆರೆಯಲೆಂದು ಸೇವಕಿಯೊಬ್ಬಳು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯಬೇಕಾಗಿತ್ತು. ೧೮೫೪ರಲ್ಲಿ ಫಿಲಿಪ್ ಹೆನ್ರಿ ಗಾಸ್‌ನ ಗ್ರಂಥ ಪ್ರಕಟವಾದ ಮೇಲೆ ಗಾಜಿನ ತೊಟ್ಟಿ ಇಂಗ್ಲೆಂಡಿನ ಮನೆಗಳ ಅಲಂಕಾರವಾಯಿತು. ಸಂಗ್ರಾಹಕರ ಹಾವಳಿಯಿಂದ ತೀರದ ಬಂಡೆಮಡುಗಳು ಬರಿದಾದುವೆಂದು ಅವನ ಮಗನೇ ೧೯೦೭ರಲ್ಲಿ ವಿಷಾದದಿಂದ ಬರೆದನು.

ಮುಂದೆ ವಿದ್ಯುತ್ ಪಂಪು, ಕೃತಕ ಸಮುದ್ರಲವಣಗಳು ಬಂದುವು. ಜೀವಿಗಳು ನೆಲೆಸಿದ ಹವಳಬಂಡೆಯೇ ತೊಟ್ಟಿಯ ನೀರನ್ನು ಶುದ್ಧವಾಗಿಡಬಲ್ಲುದೆಂಬ ಕ್ರಮವನ್ನು ಜಕಾರ್ತಾದ ಲೀ ಚಿನ್ ಎಂಗ್ ೧೯೬೧ರಲ್ಲಿ ಪ್ರಕಟಿಸಿದನು. ಲೀಟರಿಗೆ ಸುಮಾರು ೩೫ ಗ್ರಾಂ ಲವಣ ಬೆರೆಸಿದರೆ ಘಟ್ಟದ ಮೇಲಿನ ಚಿಕ್ಕಮಗಳೂರಿನಲ್ಲಿಯೂ ಕಡಲನೀರು ಸಿದ್ಧ. ಆದರೆ ಮೀನು? ಸಿಹಿನೀರಿನ ಅಲಂಕಾರಮೀನುಗಳಲ್ಲಿ ಹೆಚ್ಚಿನವು ಸಾಕಣೆಯಲ್ಲಿಯೇ ಹುಟ್ಟುತ್ತವೆ. ಕಡಲಿನ ಜಾತಿಗಳಲ್ಲಿ ಬಹುಪಾಲು ಇಂದಿಗೂ ಹವಳದಿಬ್ಬಗಳಿಂದ ಹಿಡಿದು ತಂದವು. ೧೯೬೦ರ ದಶಕದಿಂದ ಫಿಲಿಪ್ಪೀನ್ಸಿನಲ್ಲಿ ಸಯನೈಡ್ ಚಿಮ್ಮಿಸಿ ಮೀನುಗಳನ್ನು ಮೂರ್ಛೆಗೊಳಿಸಿ ಹಿಡಿಯುವ ಕ್ರೂರ ಪದ್ಧತಿ ಹಬ್ಬಿತು. ಹವಳವೂ ಅದರಿಂದ ನಾಶವಾಯಿತು. ಭಾರತವು ೨೦೦೧ರಲ್ಲಿ ಕಡಲಕುದುರೆ ಮತ್ತು ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ನೀಡಿತು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನಿನ ಮರಿಗಳನ್ನು ತೊಟ್ಟಿಯಲ್ಲಿಯೇ ಬೆಳೆಸುವ ವಿಧಾನವನ್ನು ರೂಪಿಸಿತು. ಇದರಿಂದ ಕಡಲಿನ ಸುಲಿಗೆ ತಗ್ಗಬಹುದು. ಬಂಧ ಮಾತ್ರ ತಪ್ಪದು.

ಅಂಗಡಿಯ ಬಸದಿಗಳನ್ನೂ ಕಳಸದ ಭೈರರಸರ ಸ್ಮರಣೆಯನ್ನೂ ಉಳಿಸಿಕೊಂಡಿರುವ ಈ ಕಾಫಿ ಸೀಮೆಗೆ ಮೀನಿನ ಮೇಲಣ ಮಮತೆ ಹೊಸದಲ್ಲ. ಶೃಂಗೇರಿಯ ತುಂಗೆಯ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ; ಯಾತ್ರಿಕರು ಮಂಡಕ್ಕಿ ಹಾಕಿ ನೋಡಿ ಸಂತೋಷಪಡುತ್ತಾರೆ. ಮೂಡಿಗೆರೆಯ ಘಟ್ಟದ ಕೆಳಗೆ, ಕಪಿಲಾತೀರದ ಶಿಶಿಲದಲ್ಲಿಯೂ ಇದೇ ಸಂಪ್ರದಾಯ. ೧೯೯೬ರಲ್ಲಿ ದುರುಳರು ಅಲ್ಲಿ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಸತ್ತುವು. ಆ ಮೂಕಜೀವಿಗಳಿಗೆ ಅಲ್ಲಿ ಸ್ಮಾರಕವೊಂದು ನಿಂತಿದೆ.

ತೆರೆದ ಹೊಳೆಯಲ್ಲಿ ಅಪಾಯವುಂಟು, ಆದರೆ ಬಂಧವಿಲ್ಲ. ಈಗಾಗಲೇ ತೊಟ್ಟಿಯಲ್ಲಿರುವ ಕಡಲಮೀನನ್ನು ಹೊಳೆಗೆ ಬಿಟ್ಟರೆ ಅದು ಸಾಯುವುದು. ಅದು ಬಿಡುಗಡೆಯಲ್ಲ, ವಧೆ. ಅದರ ಆಯುಷ್ಯವಿರುವವರೆಗೆ ಅನ್ನ, ಶುದ್ಧಜಲಗಳಿಗೆ ಲೋಪವಾಗದಂತೆ ನೋಡಿಕೊಂಡು, ಮತ್ತೊಂದನ್ನು ಕೊಳ್ಳದಿರುವುದೇ ಶ್ರಾವಕನಿಗೆ ಉಳಿದಿರುವ ಪ್ರಾಯಶ್ಚಿತ್ತ. ಕೊಳ್ಳುವವನಿಲ್ಲದಿದ್ದರೆ ಹಿಡಿಯುವವನೂ ಇರಲಾರನು.