ಸ್ಟಾರ್‌ಫೈಟರ್ ಕೆಡವಿದ ಕೊಡಗಿನ ದೇವಯ್ಯ

ಬೀದರಿನ ನಮಗೆ ಯುದ್ಧವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ಪೈಲಟ್‌ಗಳು ಇಲ್ಲೇ ಪಳಗುತ್ತಾರೆ. ಆದರೆ ಭಾಲ್ಕಿ, ಔರಾದ್ ಕಡೆ ಎಷ್ಟು ಜನರಿಗೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಗೊತ್ತು? ಅದಕ್ಕೇ ಈ ಪುಟ್ಟ ಬರಹ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಕೊಡಗಿನ ದೇವಯ್ಯ ಹೆಚ್ಚುವರಿ ಪೈಲಟ್. ಒಂದು ವಿಮಾನ ಹಿಂದುಳಿಯಿತು, ಇವರು ಹೋದರು. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಎಫ್-104 ಸ್ಟಾರ್‌ಫೈಟರ್. ಇವರದ್ದು ನಿಧಾನದ ಮಿಸ್ಟೇರ್. ಏಟು ಬಿದ್ದರೂ ತಿರುಗಿಬಿದ್ದು ಅದನ್ನು ಕೆಡವಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಿಂದ ಬದುಕಿದರು, ದೇವಯ್ಯ ಮರಳಲಿಲ್ಲ.

ನಮ್ಮ ಲೆಕ್ಕದಲ್ಲಿ ಅವರು ಬರೀ ಕಾಣೆಯಾದವರು. ನಿಜ ಬಯಲಾದದ್ದು 1979ರಲ್ಲಿ, ಪಾಕ್ ವಾಯುಪಡೆಯ ನೆರವಿನಿಂದ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ! ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ನಮ್ಮ ವೀರನನ್ನು ನಮಗೆ ತೋರಿಸಲು ಎದುರಾಳಿಯೇ ಬೇಕಾಯಿತಲ್ಲ, ನೀವೇನಂತೀರಿ?